ಮುನಿಶಾಮಪ್ಪನ ಮೆಟ್ಟಿಲು

ಬೀಗರು ರಾಮಾಂಜಿನಪ್ಪ ಆ ಮಾತು ಆಡಿದಾಗ ಮೊಮ್ಮಗಳು ಇನ್ನೂ ಹೊಟ್ಟೆಯಲ್ಲಿದ್ದಳು. ಈಗ ಅವಳು ಅಂಬೆಗಾಲಿಟ್ಟು ಅಂಗಳವೆಲ್ಲ ಓಡಾಡುತ್ತಾಳೆ. ಆದರೂ ಮುನಿಶಾಮಪ್ಪ ಆ ಮಾತನ್ನು ಮರೆತಿಲ್ಲ. ಮರೆಯುವ ಯೋಚನೆಯೂ ಅವನಿಗಿಲ್ಲ.

ಆವತ್ತು ನಗರಗೆರೆಯಲ್ಲಿ ಮಗಳು ಯಾಮಿನಿಗೆ ಐದನೇ ತಿಂಗಳ ಹೂ ಮುಡಿಸುವ ಶಾಸ್ತ್ರ. ಪಂಕ್ತಿಯಲ್ಲಿ ಎಲೆ ಹಾಕಿ ಒಬ್ಬಟ್ಟು ಬಡಿಸಿದ್ದರು. ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದಿತ್ತು. ಮುನಿಶಾಮಪ್ಪ ಮೊದಲ ತುಂಡು ಮುರಿದು ಬಾಯಿಗಿಟ್ಟಿದ್ದ, ಅಷ್ಟೇ. ಎದುರು ಸಾಲಿನಲ್ಲಿದ್ದ ರಾಮಾಂಜಿನಪ್ಪ ಎಲ್ಲರಿಗೂ ಕೇಳುವ ಹಾಗೆ ಅಂದರು:

"ನಮ್ಮ ಬೀಗ್ರ ಮನೇಲಿ ಹುಳಕ್ಕೆ ಮಂಚ, ಮನುಷ್ಯರಿಗೆ ನೆಲ. ಬಾಣಂತಿನ ಎಲ್ಲಿ ಮಲಗಿಸ್ತಾರಪ್ಪ, ಸೊಪ್ಪಿನ ಮೇಲಾ? ಬಾಣಂತನ ನಮ್ಮನೇಲೇ ಆಗ್ಲಿ ಬಿಡಿ ಅತ್ಲಾಗೆ."

ಇಡೀ ಪಂಕ್ತಿ ನಕ್ಕಿತು. ಬಡಿಸುವವನು ನಕ್ಕ ರಭಸಕ್ಕೆ ಸೌಟಿನ ಸಾರು ಇನ್ನೊಬ್ಬರ ಎಲೆಗೆ ಬಿತ್ತು. ಮುನಿಶಾಮಪ್ಪ ಒಬ್ಬಟ್ಟನ್ನು ಹಾಗೇ ಬಿಟ್ಟು ಎದ್ದ. ಅವನ ಐವತ್ತು ದಾಟಿದ ಬದುಕಿನಲ್ಲಿ ತುಪ್ಪ ಹಾಕಿದ ಒಬ್ಬಟ್ಟು ಬಿಟ್ಟು ಎದ್ದದ್ದು ಅದೊಂದೇ ಸಲ. ಬೀಗರು ಸುಳ್ಳು ಹೇಳಿದ್ದರೆ ಅಲ್ಲೇ ಜಗಳ ತೆಗೆದು ಎರಡು ಮಾತು ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದ. ಅವರು ಹೇಳಿದ್ದು ನಿಜವಾಗಿತ್ತು. ಅದೇ ಅವನಿಗೆ ತಡೆಯಲಾಗಲಿಲ್ಲ.

ಜಂಗಮಕೋಟೆಯಿಂದ ಒಳಗೆ ಹೋದರೆ ಸಿಗುವ ಊರು ಮುನಿಶಾಮಪ್ಪನದು. ಹಿಪ್ಪುನೇರಳೆ ತೋಟ, ಒಂದು ಸೀಮೆಹಸು, ಅಪ್ಪ ಕಟ್ಟಿಸಿದ ಮೋಲ್ಡಿಂಗ್ ಮನೆ. ನಡುಮನೆಯ ತುಂಬ ರೇಷ್ಮೆ ಹುಳದ ಅಟ್ಟಣೆ. ಹುಳ ಮಲಗುವುದು ನಡುಮನೆಯಲ್ಲಿ, ಗಂಡ ಹೆಂಡತಿ ಮಲಗುವುದು ಅಡಿಗೆ ಮನೆಯಲ್ಲಿ. ಅದರಲ್ಲಿ ಅವನಿಗೆ ಯಾವತ್ತೂ ತಪ್ಪು ಕಂಡಿರಲಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿ ಅನ್ನ ಸಂಪಾದಿಸುವುದು ಹುಳ, ಹಾಗಿದ್ದ ಮೇಲೆ ಒಳ್ಳೆಯ ಜಾಗ ಅದಕ್ಕೇ ಸಲ್ಲಬೇಕು ಎಂಬುದು ಅವನ ನ್ಯಾಯ.

ಬಾಣಂತನದ ಲೆಕ್ಕ ಬೇರೆ. ಚೊಚ್ಚಲ ಬಾಣಂತನ ತವರಿನ ಹಕ್ಕು. ಅದನ್ನು ಬಿಟ್ಟುಕೊಟ್ಟ ಅಪ್ಪ ಊರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಬಾಣಂತಿ ಬಂದರೆ ಎರಡು ಹೊತ್ತೂ ಕೂಸಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಾಕಬೇಕು. ಆ ಹೊಗೆ ಕೂಸಿಗೆ ಅಮೃತವಾದರೆ ಹುಳಕ್ಕೆ ಯಮ. ಪಕ್ಕದ ಮನೆಯಲ್ಲಿ ಯಾರಾದರೂ ಊದುಬತ್ತಿ ಹಚ್ಚಿದರೂ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ನಿಲ್ಲುತ್ತದೆ.

"ಮಹಡಿ ಮೇಲೆ ಒಂದು ಕೋಣೆ ಎಬ್ಬಿಸ್ತೀನಿ," ಎಂದ ಮುನಿಶಾಮಪ್ಪ, ನಗರಗೆರೆಯಿಂದ ಬರುವ ಬಸ್ಸಿನಲ್ಲೇ. "ನನ್ನ ಮಗಳು ಮೇಲೆ, ನನ್ನ ಹುಳ ಕೆಳಗೆ. ಆವಯ್ಯ ಬಂದು ನೋಡ್ಲಿ."

"ಎಬ್ಬಿಸು," ಎಂದಳು ಹೆಂಡತಿ ಆಂಜಿನಮ್ಮ. "ಆದ್ರೆ ಲೈಸೆನ್ಸು?"

ಮುನಿಶಾಮಪ್ಪ ಕಿಟಕಿ ಕಡೆ ತಿರುಗಿಕೊಂಡ.

ಆ ಊರಲ್ಲಿ ಲೈಸೆನ್ಸು ಎಂಬ ಮಾತನ್ನು ಹುಟ್ಟಿಸಿದವನೇ ಅವನು. ಅದಕ್ಕೆ ಮುಂಚೆ ಜನ ಇಟ್ಟಿಗೆ ತಂದರು, ಗೋಡೆ ಕಟ್ಟಿದರು, ಒಳಗೆ ಹೋಗಿ ಮಲಗಿದರು, ಅಷ್ಟೇ. ಹೋದ ವರ್ಷ ಎದುರು ಮನೆಯ ಚಲಪತಿ ಮಹಡಿಗೆ ಮೆಟ್ಟಿಲು ಕಟ್ಟಿಸಲು ಹೊರಟ. ಕೆಳಗಿನ ಎರಡು ಮೆಟ್ಟಿಲು ಬೀದಿಗೆ ಬಂದವು. ಮುನಿಶಾಮಪ್ಪನ ಸೊಪ್ಪಿನ ಗಾಡಿ ತಿರುಗಲು ತೊಡಕಾಯಿತು. ಅವನು ಬೀದಿಯಲ್ಲಿ ನಿಂತು, "ಲೈಸೆನ್ಸ್ ಎಲ್ಲೋ? ತೋರ್ಸು! ಬೀದಿ ನಿಮ್ಮಪ್ಪಂದಾ?" ಎಂದು ಮೂರು ಬೀದಿಗೆ ಕೇಳುವಂತೆ ಕೂಗಿದ. ಅಷ್ಟಕ್ಕೇ ಬಿಡದೆ ಪಂಚಾಯಿತಿಗೆ ಹೋಗಿ ಅಲ್ಲೂ ಕೂಗಿ ಬಂದ. ಚಲಪತಿ ಮೆಟ್ಟಿಲು ಕೀಳಿಸಬೇಕಾಯಿತು. ಇವತ್ತಿಗೂ ಅವನು ಮಹಡಿಗೆ ಹತ್ತುವುದು ಬಿದಿರೇಣಿಯಲ್ಲೇ.

ಈಗ ಮುನಿಶಾಮಪ್ಪ ಲೈಸೆನ್ಸ್ ಇಲ್ಲದೆ ಒಂದು ಇಟ್ಟಿಗೆ ಮುಟ್ಟಿದರೂ ಊರು ಬಿಡುತ್ತದೆಯೇ?

ಹೀಗಾಗಿ ಅವನು ಕ್ರಮವಾಗಿ ಹೊರಟ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಹತ್ತಿರ ಪ್ಲಾನ್ ಬರೆಯುವ ಅಂಗಡಿಯೊಂದಿದೆ. ಅಲ್ಲಿ ಕೂತವನು, ಮನೆ ಯಾವ ಕಡೆಗೆ ಮುಖ ಎಂದು ಕೂಡ ಕೇಳದೆ ಚಹಾ ಕುಡಿಯುವಷ್ಟರಲ್ಲಿ ನೀಲಿ ಗೆರೆಯ ಪ್ಲಾನ್ ತೆಗೆದು ಕೊಟ್ಟ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಂಡು ಶಾಲೆ ಬಿಟ್ಟಿದ್ದ ಮುನಿಶಾಮಪ್ಪನಿಗೆ ಆ ಗೆರೆಗಳಲ್ಲಿ ಏನಿದೆ ಎಂದು ತಿಳಿಯಲಿಲ್ಲ. ನೋಡಲು ಚೆನ್ನಾಗಿತ್ತು. ಅದನ್ನು ತೆಗೆದುಕೊಂಡು ಹೋಗಿ ಪಂಚಾಯಿತಿಯಲ್ಲಿ ಅರ್ಜಿ ಹಾಕಿದ.

ಪಂಚಾಯಿತಿಯ ಬಿಲ್ ಕಲೆಕ್ಟರ್ ಸುನೀಲ್‌ಕುಮಾರ್ ಅರ್ಜಿ ತೆಗೆದುಕೊಂಡು, "ಪಿಡಿಒ ಸಾಹೇಬ್ರು ಬಂದು ಜಾಗ ನೋಡ್ಬೇಕಣ್ಣ," ಎಂದ.

"ಜಾಗ ಎಲ್ಲೂ ಓಡೋಗಿಲ್ಲ. ಬಂದು ನೋಡ್ಲಿ."

"ಸಾಹೇಬ್ರಿಗೆ ಟ್ರಾನ್ಸ್‌ಫರ್ ಆಯ್ತಲ್ಲ."

"ಹೊಸಬ್ರು?"

"ಬರ್ತಾರೆ."

"ಯಾವಾಗ್ಲೋ?"

"ಬಂದಾಗ."

ಮುನಿಶಾಮಪ್ಪ ಖಾಲಿ ಕುರ್ಚಿಗೇ ಸ್ವಲ್ಪ ಹೊತ್ತು ಬೈದು ಮನೆಗೆ ಬಂದ. ಆಮೇಲೆ ದಿನ ಬೆಳಗಾದರೆ ಚಲಪತಿ ತನ್ನ ಜಗಲಿಯಲ್ಲಿ ಹಲ್ಲುಜ್ಜುತ್ತ, "ಲೈಸೆನ್ಸ್ ಆಯ್ತಾ ಅಣ್ಣ?" ಎನ್ನುವನು. ಬಾಯಲ್ಲಿ ನೊರೆ ಇದ್ದರೂ ಆ ಒಂದು ಮಾತು ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು. ಅತ್ತ ಯಾಮಿನಿ ಫೋನಿನಲ್ಲಿ, "ಅಪ್ಪಾ, ಮಾವ ಇಲ್ಲೇ ರೂಮಿಗೆ ಬಣ್ಣ ಹೊಡಿಸ್ತಾವ್ರೆ," ಎಂದಳು. ಅವಳ ದನಿ ಕೇಳಿ ಆಂಜಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುನಿಶಾಮಪ್ಪ ಫೋನನ್ನೇ ಗುರಾಯಿಸಿದ.

ಅಷ್ಟರಲ್ಲಿ ಹುಳ ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಿದ್ದಿತು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ಕೊನೆಯ ಜ್ವರ ಎದ್ದ ಮೇಲೆ ಅದು ತಿನ್ನುವ ರಭಸಕ್ಕೆ ನಡುಮನೆಯಲ್ಲಿ ಮಳೆ ಬಿದ್ದಂತೆ ಸದ್ದು. ಆಗ ಸಾಕುವವನು ಮನೆ ಬಿಟ್ಟು ಹೊರಗೆ ಹೋಗುವ ಮಾತಿಲ್ಲ. ಹೀಗಾಗಿ ಪಂಚಾಯಿತಿಗೆ ಮೋಹನ್‌ಬಾಬು ಎಂಬ ಹೊಸ ಪಿಡಿಒ ಬಂದ ಸುದ್ದಿ ಊರಿಗೆಲ್ಲ ಮುಟ್ಟಿದರೂ ಮುನಿಶಾಮಪ್ಪನಿಗೆ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಹುಳ ಹಣ್ಣಾಯಿತು. ಮೈ ಹೊನ್ನಿನ ಬಣ್ಣಕ್ಕೆ ತಿರುಗಿ ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುವ ಹೊತ್ತು ಅದು. ಆಗ ಒಂದೊಂದನ್ನೇ ಆರಿಸಿ, ಬಿದಿರಿನ ತಟ್ಟಿಯಲ್ಲಿ ಸುತ್ತುಸುತ್ತಾಗಿ ಹೆಣೆದ ಚಂದ್ರಂಕಿಯ ಮೇಲೆ ಬಿಡಬೇಕು. ತಡವಾದರೆ ಸೊಪ್ಪಿನ ಸಂದಿಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಅದಕ್ಕೇ ಹಣ್ಣಾದ ದಿನ ಊರಲ್ಲಿ ಜಗಳಕ್ಕೆ ರಜೆ. ಕರೆಯದಿದ್ದರೂ ಬರುತ್ತಾರೆ, ಮಾತು ಬಿಟ್ಟವರೂ ಬರುತ್ತಾರೆ. ಅದು ಮುಯ್ಯಿ. ನನ್ನ ಹುಳಕ್ಕೆ ನೀನು ಬಂದರೆ ನಿನ್ನ ಹುಳಕ್ಕೆ ನಾನು ಬರಬೇಕು. ಕೂಲಿ ಕೊಟ್ಟು ತೀರಿಸುವ ಸಾಲವಲ್ಲ, ಮೈ ಬಗ್ಗಿಸಿಯೇ ತೀರಿಸಬೇಕು. ಆವತ್ತು ಚಲಪತಿಯೂ ಬಂದು ಕುಕ್ಕರಗಾಲಲ್ಲಿ ಕೂತಿದ್ದ.

ಕೈ ಸಾಲದೆಂದು ಮುನಿಶಾಮಪ್ಪ ಅಂಬಾಜಿದುರ್ಗದ ಕಡೆಯ ಭಾಮೈದನಿಗೆ ಹೇಳಿ ಕಳಿಸಿದ್ದ. "ಒಬ್ಬ ಆಳನ್ನ ಬೆಳಿಗ್ಗೇನೇ ಕಳಿಸ್ತೀನಿ ಭಾವ," ಎಂದಿದ್ದ ಭಾಮೈದ. ಬಿಸಿಲೇರಿದರೂ ಆಳು ಬರಲಿಲ್ಲ. ಮುನಿಶಾಮಪ್ಪನ ತಲೆಯೂ ಬಿಸಿಲಿನ ಜೊತೆಗೇ ಏರಿತು. ಆಗ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಯುವಕ ಬಾಗಿಲಲ್ಲಿ ನಿಂತು, "ಮುನಿಶಾಮಪ್ಪನೋರ ಮನೆ ಇದೇನಾ?" ಎಂದು ಕೇಳಿದ.

"ಇದೇ! ಈಗ ಬರ್ತಿದ್ದೀಯಾ? ಹುಳ ಗೂಡು ಕಟ್ಟಿ ಚಿಟ್ಟೆಯಾಗಿ ಹಾರ್‍ಹೋದ್ಮೇಲೆ ಬರ್ಬೇಕಾಗಿತ್ತು!"

"ಅಣ್ಣ, ನಾನು..."

"ನೀನು ಯಾರಾದ್ರೂ ಆಗಿರು, ಚಪ್ಪಲಿ ಬಿಡು. ಥೂ, ಏನಿದು ವಾಸನೆ? ಸೆಂಟು ಹೊಡ್ಕೊಂಡು ಬಂದಿದ್ದೀಯಾ? ಹುಳದ ಮನೆಗೋ, ಮದುವೆ ಮನೆಗೋ?"

"ಅಲ್ಲಣ್ಣ, ಜಾಗ ನೋಡಕ್ಕೆ..."

"ಜಾಗ ಆಮೇಲೆ ನೋಡೀವಂತೆ, ನಿಂಗೆ ಉಣ್ಣಕ್ಕೂ ಜಾಗ ತೋರಿಸ್ತೀನಿ. ಬಿಚ್ಚು ಅಂಗಿ!"

ಯುವಕ ಒಳಗಿನ ಚಂದ್ರಂಕಿ ಕಡೆ ನೋಡಿದ. ಅಟ್ಟಣೆಯ ತುಂಬ ತಲೆ ಎತ್ತಿದ ಹುಳ ನೋಡಿದ. ಅಂಗಿ ಬಿಚ್ಚಿ ಅಂಗಳದ ನುಗ್ಗೆ ಮರಕ್ಕೆ ತೂಗುಹಾಕಿದ. ಆಂಜಿನಮ್ಮ ತಂಬಿಗೆಯಲ್ಲಿ ನೀರು ಹಾಕಿದಳು. ಕೈಕಾಲು ತೊಳೆದು, ಹುಳಕ್ಕೆ ರೋಗ ತಗುಲದಂತೆ ಬಾಗಿಲಲ್ಲಿ ಚೆಲ್ಲಿದ್ದ ಸುಣ್ಣ ತುಳಿದು, ಬನಿಯನ್ನಿನಲ್ಲೇ ಒಳಗೆ ಬಂದು ಚಲಪತಿಯ ಪಕ್ಕ ಕೂತ.

ಆರಿಸುವ ಕೆಲಸ ಅವನಿಗೆ ಬರುತ್ತಿತ್ತು, ಆದರೆ ಕೈ ಮರೆತಂತಿತ್ತು. ಒಂದು ಹುಳ ಎತ್ತಿ ಬೆಳಕಿಗೆ ಹಿಡಿದು ನೋಡುವನು, ಯೋಚಿಸುವನು, ಆಮೇಲೆ ಬಿಡುವನು.

"ಹೆಣ್ಣು ನೋಡಕ್ಕೆ ಬಂದಿದ್ದೀಯೇನಪ್ಪ?" ಎಂದ ಮುನಿಶಾಮಪ್ಪ. "ಒಂದೊಂದಕ್ಕೂ ಜಾತಕ ಕೇಳ್ತಿದ್ದೀಯ! ಏಯ್, ಅದು ಹಸಿ ಹುಳ! ಒತ್ತೊತ್ತಾಗಿ ಬಿಡ್ಬೇಡ, ಜೋಡಿ ಗೂಡಾಗ್ತವೆ! ನಿಮ್ಮಪ್ಪ ಏನು ಕಲ್ಸಿದ್ನೋ ನಿಂಗೆ!"

"ಅಪ್ಪ ಅಲ್ಲಣ್ಣ, ಅಜ್ಜಿ," ಎಂದ ಯುವಕ ಬೆವರೊರೆಸಿಕೊಳ್ಳುತ್ತ.

"ಹಂಗಾರೆ ಅಜ್ಜಿ ಹತ್ರ ಸರಿಯಾಗಿ ಪೆಟ್ಟು ತಿಂದಿಲ್ಲ ನೀನು."

ಚಲಪತಿ ಒಮ್ಮೆ ಯುವಕನ ಮುಖ ನೋಡಿದ, ಒಮ್ಮೆ ಮುನಿಶಾಮಪ್ಪನ ಮುಖ ನೋಡಿದ. ಅವನು ಹಿಂದಿನ ದಿನವಷ್ಟೇ ನೀರಿನ ಕಂದಾಯ ಕಟ್ಟಲು ಪಂಚಾಯಿತಿಗೆ ಹೋಗಿ ಬಂದಿದ್ದ. ತಲೆ ತಗ್ಗಿಸಿ ಹುಳ ಆರಿಸತೊಡಗಿದ. ಅವನ ಹೆಗಲು ಮಾತ್ರ ಆಗಾಗ ಕುಲುಕುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅಟ್ಟಣೆ ಖಾಲಿಯಾಗಿ ಚಂದ್ರಂಕಿಗಳು ತುಂಬಿದವು. ಎಲ್ಲರೂ ಮುದ್ದೆಗೆ ಕೂತಾಗ ಸುನೀಲ್‌ಕುಮಾರ್ ಓಡುತ್ತ ಬಂದ. "ಅಣ್ಣ, ಇಲ್ಲಿಗೆ ಹೊಸ ಸಾಹೇಬ್ರು ಬಂದ್ರಾ? ಊರ ಬಾಗಿಲಲ್ಲಿ ಬೈಕ್ ಐತೆ, ಮನುಷ್ಯ ಇಲ್ಲ..." ಎಂದವನು ನುಗ್ಗೆ ಮರದ ಅಂಗಿ ನೋಡಿದ. ಆಮೇಲೆ ಬನಿಯನ್ನಿನಲ್ಲಿ ಕೂತು ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದುತ್ತಿದ್ದವನನ್ನು ನೋಡಿದ. "ಸಾರ್!" ಎಂದು ಚೀರಿದ.

ಮುನಿಶಾಮಪ್ಪನ ಗಂಟಲಲ್ಲಿ ಮುದ್ದೆ ನಿಂತಿತು. ಆಂಜಿನಮ್ಮ ಬೆನ್ನಿಗೆ ಗುದ್ದಿದ ಮೇಲೆಯೇ ಅದು ಇಳಿದದ್ದು. ಚಲಪತಿ ಇಷ್ಟು ಹೊತ್ತು ಹಿಡಿದಿಟ್ಟ ನಗೆಯನ್ನು ಅಂಗಳಕ್ಕೆ ಹೋಗಿ ಬಿಟ್ಟ.

"ಮೊದ್ಲೇ ಹೇಳ್ಬಾರ್ದಾ ಸಾರ್?" ಎಂದ ಮುನಿಶಾಮಪ್ಪ, ಸಿಟ್ಟು ಮಾಡಬೇಕೋ ಕೈ ಮುಗಿಯಬೇಕೋ ತಿಳಿಯದೆ.

"ನೀವು ಬಿಟ್ರೆ ತಾನೆ?" ಎಂದ ಮೋಹನ್‌ಬಾಬು. "ಆಮೇಲೆ, ನಮ್ಮಜ್ಜಿ ಮನೆ ಚಿಂತಾಮಣಿ ಕಡೆ. ಹಣ್ಣಾದ ಹುಳ ನೋಡಿ ಕೈ ಹಾಕ್ದೆ ಬರೋನು ಮನುಷ್ಯನೇ ಅಲ್ಲ ಅಂತಿದ್ಲು. ಅಲ್ಲಿ ನಿಂತ್ಕೊಂಡು ನಾನು ಪಿಡಿಒ ಅಂತ ಹೇಳಕ್ಕೆ ನಾಚ್ಕೆ ಆಯ್ತು."

ಆಂಜಿನಮ್ಮನಿಗೆ ಆ ಮಾತು ಕೇಳಿ ಅವನ ಮೇಲೆ ಮಮತೆ ಬಂತು. ಇನ್ನೊಂದು ಮುದ್ದೆ ಹಾಕಿದಳು. ಮುನಿಶಾಮಪ್ಪನಿಗೆ ಲೈಸೆನ್ಸು ಕೈಗೆ ಬಂದಷ್ಟೇ ಖುಷಿಯಾಯಿತು. ಹುಳ ಆರಿಸಿಕೊಟ್ಟವನು, ಮನೆಯ ಮುದ್ದೆ ಉಂಡವನು, ಇನ್ನು ಇಲ್ಲ ಅನ್ನುತ್ತಾನೆಯೇ?

ಊಟವಾಗಿ ಕೈ ತೊಳೆದ ಮೋಹನ್‌ಬಾಬು ಅಂಗಿ ಹಾಕಿಕೊಂಡ. ಅಂಗಿ ಮೈಮೇಲೆ ಬಂದದ್ದೇ ಮನುಷ್ಯ ಬೇರೆಯಾದ. ಚೀಲದಿಂದ ಟೇಪು ತೆಗೆದ, ಪ್ಲಾನ್ ಬಿಡಿಸಿದ. ಹಿತ್ತಿಲಿಗೆ ಹೋಗಿ ಪ್ಲಾನ್ ನೋಡಿದ, ಹಸು ನೋಡಿದ, ಮತ್ತೆ ಪ್ಲಾನ್ ನೋಡಿದ.

"ಇಲ್ಲಿ ಕಾರ್ ಪಾರ್ಕಿಂಗ್ ಅಂತ ತೋರ್ಸಿದ್ದಾರೆ. ಕಾರು ಎಲ್ಲಿ?"

"ಅದೇ ಸಾರ್, ಮೇಯ್ತಾ ಐತಲ್ಲ."

"ಮನೆ ನಾಲ್ಕೂ ಕಡೆ ಖಾಲಿ ಜಾಗ ಅಂತ ಐತೆ. ಬಲಗಡೆ ಪಕ್ಕದ ಮನೆ ಗೋಡೆ ಅಂಟ್ಕೊಂಡೈತಲ್ಲ?"

"ಅದು ನಮ್ಮ ತಾತನ ಕಾಲದಿಂದ ಅಂಟ್ಕೊಂಡೈತೆ ಸಾರ್. ನಾನು ಅಂಟ್ಸಿಲ್ಲ."

"ಮೆಟ್ಟಿಲು ಮುಂದ್ಗಡೆ ಬೀದಿಗೆ ಬರುತ್ತೆ."

"ಎರಡೇ ಮೆಟ್ಟಿಲು ಸಾರ್."

"ಒಂದಾದ್ರೂ ಆಗಲ್ಲ. ಬೀದಿ ಪಂಚಾಯಿತೀದು. ಬೇರೆ ಪ್ಲಾನ್ ಮಾಡಿಸ್ಕೊಂಡು ಬನ್ನಿ."

ಬೀದಿಯಾಚೆ ಜಗಲಿಯಲ್ಲಿ ಚಲಪತಿ ಎದ್ದು ನಿಂತ. ಇಂಥ ದಿನ ನೋಡುವ ಪುಣ್ಯ ತನಗಿತ್ತೆಂದು ಅವನು ಕನಸಲ್ಲೂ ನೆನೆಸಿರಲಿಲ್ಲ.

ಮುನಿಶಾಮಪ್ಪನ ಮುಖ ಕಾದ ಹಂಚಾಯಿತು. "ಬೈದಿದ್ದಕ್ಕೆ ಹಿಂಗೆ ಮಾಡ್ತಾ ಇದ್ದೀರ! ಅಂಗಿ ಬಿಚ್ಚಿಸಿದ್ದಕ್ಕೆ!"

"ಬೈದಿದ್ದು ಹುಳದ ಮನೆಗೆ ಸರಿಹೋಯ್ತಣ್ಣ. ಮೆಟ್ಟಿಲು ಬೀದೀಲಿರೋದು ನನ್ನ ತಪ್ಪಾ?"

"ನಮ್ಮನೆ ಮುದ್ದೆ ಉಂಡ್ಕೊಂಡು..."

"ಅದಕ್ಕೆ ನಿಮ್ಮ ಹುಳ ಆರಿಸಿದ್ನಲ್ಲ," ಎಂದ ಮೋಹನ್‌ಬಾಬು. ಸಿಟ್ಟಿಲ್ಲದೆ ಬೈಕಿನ ಕಡೆ ನಡೆದ.

ಮುನಿಶಾಮಪ್ಪ ಎರಡು ದಿನ ಹೆಂಡತಿಯ ಜೊತೆ ಬಿಟ್ಟರೆ ಯಾರ ಜೊತೆಗೂ ಮಾತಾಡಲಿಲ್ಲ. ಅವಳ ಜೊತೆ ಜಗಳವಷ್ಟೇ ಆಡಿದ. ಮೆಟ್ಟಿಲು ಮನೆಯೊಳಗೆ ಇಡಿಸಿದರೆ ಸಾಂಬ್ರಾಣಿ ಹೊಗೆ ಆ ದಾರಿಯಲ್ಲೇ ಇಳಿದು ಹುಳದ ಮನೆಗೆ ಬರುತ್ತದೆ. ಬಲಗಡೆ ಗೋಡೆ ಅಂಟಿದೆ, ಎಡಗಡೆ ಮೆಟ್ಟಿಲಿಡುವಷ್ಟು ಜಾಗವಿಲ್ಲ. ಇನ್ನು ಉಳಿದದ್ದು ಹಿತ್ತಿಲು, ಅಲ್ಲಿ ಹಸು.

"ಹಸೂನ ಜರುಗ್ಸು," ಎಂದಳು ಆಂಜಿನಮ್ಮ.

"ಅಪ್ಪನ ಕಾಲದಿಂದ ಹಸು ಅಲ್ಲೇ ಕಟ್ಟೋದು."

"ಅಪ್ಪನ ಕಾಲದ ಹಸುವಾ ಇದು? ಹೋದ ವರ್ಷ ಇಲ್ಲೇ ವಿಜಯಪುರದ ಸಂತೆಯಿಂದ ತಂದಿದ್ದು. ಜರುಗಲ್ಲ ಅಂತ ಅದು ಹೇಳ್ತೈತಾ, ನೀನು ಹೇಳ್ತೀಯಾ?"

"ಹಿತ್ಲಲ್ಲಿ ಮೆಟ್ಲು ಇಟ್ರೆ ಬೀದಿಗೆ ಕಾಣಲ್ಲ ಕಣೇ. ಬಂದೋರಿಗೆ ಮಹಡಿ ಐತೆ ಅಂತ ಗೊತ್ತಾಗ್ಬೇಡ್ವಾ?"

ಆಂಜಿನಮ್ಮ ಅವನನ್ನು ದಿಟ್ಟಿಸಿದಳು. "ನಿಂಗೆ ಮಗಳು ಬರ್ಬೇಕಾ, ಮೆಟ್ಲು ಕಾಣ್ಬೇಕಾ?"

ಮುನಿಶಾಮಪ್ಪ ಹೋಗಿ ಹಿತ್ತಿಲನ್ನು ಹೆಜ್ಜೆಯಲ್ಲಿ ಅಳೆದ. ಬೆಳಿಗ್ಗೆ ಎದ್ದು ಶಿಡ್ಲಘಟ್ಟಕ್ಕೆ ಹೋಗಿ, ಪ್ಲಾನ್ ಬರೆಯುವವನನ್ನು ಅಂಗಡಿಯಿಂದ ಎಬ್ಬಿಸಿ ಬೈಕಿನ ಹಿಂದೆ ಕೂರಿಸಿಕೊಂಡು ಬಂದ. "ನೋಡು, ಇದು ಮನೆ. ಇದು ಗೋಡೆ. ಇದು ಹಸು. ಇರೋದನ್ನ ಬರಿ," ಎಂದು ತಲೆಯ ಮೇಲೆ ನಿಂತು ಬರೆಸಿದ. ಮೆಟ್ಟಿಲು ಹಿತ್ತಿಲಿಗೆ ಹೋಯಿತು. ಮೆಟ್ಟಿಲ ಕೆಳಗೆ ಉಳಿದ ಜಾಗದಲ್ಲಿ 'ದನದ ಕೊಟ್ಟಿಗೆ' ಎಂದು ಬರೆಸಿದ. ಮೋಹನ್‌ಬಾಬು ಮತ್ತೆ ಬಂದು ಟೇಪು ಹಿಡಿದು ನೋಡಿ, "ಈಗ ಸರಿಯಾಯ್ತು," ಎಂದ. ಈ ಸಲ ಚಪ್ಪಲಿಯನ್ನು ಹೇಳದೆಯೇ ಬಿಟ್ಟಿದ್ದ. ಅದೇ ವಾರ ಲೈಸೆನ್ಸ್ ಬಂತು. ಮುನಿಶಾಮಪ್ಪ ಅದನ್ನು ಚಲಪತಿಯ ಜಗಲಿಗೆ ಒಯ್ದು ಅವನ ಹಲ್ಲುಜ್ಜುವ ಬಾಯಿಯ ಮುಂದೆ ಹಿಡಿದ.

"ಇದು ಲೈಸೆನ್ಸು. ಕಣ್ತುಂಬ ನೋಡ್ಕೊ."

ಚಲಪತಿ ಬಾಯಿ ಮುಕ್ಕಳಿಸಿ ಉಗಿದು, ಮೇಲಿಂದ ಕೆಳಗೆ ಓದಿದ. "ಹಂಗಾರೆ ನನ್ನ ಮೆಟ್ಲೂ ಹಿತ್ಲಿಗೆ ಇಟ್ರೆ ಸಿಗ್ತಿತ್ತಾ ಅಣ್ಣ? ಅದನ್ನ ಆವತ್ತೇ ಹೇಳ್ಬಾರ್ದಾಗಿತ್ತಾ?"

ಮುನಿಶಾಮಪ್ಪ ಲೈಸೆನ್ಸು ಮಡಚಿ ಜೇಬಿಗಿಟ್ಟ. "ಪ್ಲಾನ್ ಬರೆಯೋನ ನಂಬರ್ ಕೊಡ್ತೀನಿ," ಎಂದು ಗೊಣಗಿ ಬಂದ.

ಕೋಣೆ ಎದ್ದಿತು. ಸುಣ್ಣದ ಹಸಿ ಆರುವುದಕ್ಕೂ ಯಾಮಿನಿ ಹಸುಗೂಸು ಎತ್ತಿಕೊಂಡು ಬರುವುದಕ್ಕೂ ಸರಿಹೋಯಿತು. ಕೆಳಗೆ ಹೊಸ ಬೆಳೆಯ ಹುಳ ಸೊಪ್ಪು ತಿನ್ನುತ್ತಿತ್ತು, ಮೇಲೆ ಸಾಂಬ್ರಾಣಿ ಹೊಗೆ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಮುನಿಶಾಮಪ್ಪ ಬೀದಿಯಲ್ಲಿ ನಿಂತು ಆ ಹೊಗೆ ನೋಡಿ ಆನಂದಪಟ್ಟ. ಮೆಟ್ಟಿಲು ಕಾಣದಿದ್ದರೇನು, ಹೊಗೆ ಕಾಣುತ್ತದಲ್ಲ.

ತೊಟ್ಟಿಲ ಶಾಸ್ತ್ರಕ್ಕೆ ರಾಮಾಂಜಿನಪ್ಪ ಬಂದರು. ಹಿತ್ತಿಲಿಗೆ ಹೋಗಿ, ಹಸುವನ್ನು ಬಳಸಿಕೊಂಡು, ಮೆಟ್ಟಿಲು ಹತ್ತಿ ಕೋಣೆಯೆಲ್ಲ ನೋಡಿದರು. ಮುನಿಶಾಮಪ್ಪ ಉಸಿರು ಹಿಡಿದು ಕಾದ.

"ಪರವಾಗಿಲ್ಲ ಬೀಗ್ರೇ," ಎಂದರು ಅವರು. "ಹುಳಕ್ಕಾಯ್ತು, ಹಸುಗಾಯ್ತು, ಕೊನೇಗೆ ಮನುಷ್ಯರಿಗೂ ಒಂದು ಜಾಗ ಆಯ್ತು."

ಬಂದವರೆಲ್ಲ ನಕ್ಕರು. ಮುನಿಶಾಮಪ್ಪ ಆವತ್ತು ಒಬ್ಬಟ್ಟು ಬಿಡಲಿಲ್ಲ, ತನ್ನ ಮನೆಯದಲ್ಲವೇ. ಆದರೆ ಹಳೆಯ ಮಾತಿನ ಪಕ್ಕದಲ್ಲಿ ಈ ಮಾತನ್ನೂ ಕೂರಿಸಿಕೊಂಡ.

ಇಷ್ಟಾದ ಮೇಲೂ ಅವನಿಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಚಲಪತಿಯ ಹುಳ ಹಣ್ಣಾದಾಗ ಹೋಗಿ ಕೂತು ಅವನ ಮುಯ್ಯಿ ತೀರಿಸಿ ಬಂದಿದ್ದ. ಭಾಮೈದನ ಲೆಕ್ಕ ಇರಲೇ ಇಲ್ಲ. ಆಳು ಕಳಿಸುವುದನ್ನೇ ಆ ಪುಣ್ಯಾತ್ಮ ಮರೆತಿದ್ದನಂತೆ. ಉಳಿದದ್ದು ಪಿಡಿಒ ಮುಯ್ಯಿ. ಹೊಲವಿಲ್ಲ, ಹುಳವಿಲ್ಲದ ಆ ಮನುಷ್ಯನಿಗೆ ಮುಯ್ಯಿ ತೀರಿಸುವುದು ಹೇಗೆ?

ಒಂದು ಬುಟ್ಟಿ ಟೊಮೇಟೊ ಹೊತ್ತು ಪಂಚಾಯಿತಿಗೆ ಹೋದ. ಮೋಹನ್‌ಬಾಬು ಕುರ್ಚಿಯಿಂದ ಎದ್ದೇಬಿಟ್ಟ.

"ಇದು ಲಂಚ ಆಗುತ್ತಣ್ಣ!"

"ಲೈಸೆನ್ಸಿಗಲ್ಲ ಸಾರ್. ಹುಳ ಆರಿಸಿದ್ದಕ್ಕೆ."

"ನೋಡೋರಿಗೆ ಅದು ಹೆಂಗೆ ಗೊತ್ತಾಗುತ್ತೆ?"

ಟೊಮೇಟೊ ಶಾಲೆಯ ಬಿಸಿಯೂಟದ ಸಾರಿಗೆ ಹೋಯಿತು. ಇನ್ನೊಮ್ಮೆ ಕಾಲು ಕಟ್ಟಿದ ನಾಟಿ ಕೋಳಿ ಒಯ್ದ. ಅದು ಕಟ್ಟು ಬಿಚ್ಚಿಕೊಂಡು ಕಂಪ್ಯೂಟರಿನ ಮೇಲೆ ಹಾರಿ ಕೂತಿತು. ಸುನೀಲ್‌ಕುಮಾರ್ ಅದನ್ನು ಹಿಡಿಯುವಷ್ಟರಲ್ಲಿ ಸರ್ಕಾರದ ಆ ದಿನದ ಕೆಲಸ ನಿಂತಿತ್ತು. "ಅಣ್ಣ, ಕೈ ಮುಗಿತೀನಿ, ನೀವು ಬರಿಗೈಲೇ ಬನ್ನಿ," ಎಂದ ಮೋಹನ್‌ಬಾಬು.

"ಬರಿಗೈಲಿ ಬಂದ್ರೆ ತೀರೋದೆಂಗೆ?" ಎಂದು ಮುನಿಶಾಮಪ್ಪ ಅಲ್ಲೂ ಒಂದು ಜಗಳ ಮಾಡಿಯೇ ಬಂದ.

ಆಮೇಲೆ ಮೋಹನ್‌ಬಾಬುವಿಗೆ ಗೌರಿಬಿದನೂರು ಕಡೆಗೆ ಟ್ರಾನ್ಸ್‌ಫರ್ ಆಯಿತು. ಇನ್ನು ಅವನು ನಮ್ಮ ಪಂಚಾಯಿತಿಯವನಲ್ಲ, ಲಂಚದ ಮಾತಿಲ್ಲ ಎಂದುಕೊಂಡ ಮುನಿಶಾಮಪ್ಪ ಒಂದು ಭಾನುವಾರ ಹಳೆಯ ಲುಂಗಿ, ಗುದ್ದಲಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಏನಾದರೂ ಇರುತ್ತದೆ. ಹಿತ್ತಿಲು ಅಗೆಯುವುದು, ಸಂಪು ತೊಳೆಯುವುದು. ಒಂದು ಬೆಳಗಿನ ಕೆಲಸ ಮಾಡಿ ಬಂದರಾಯಿತು.

ವಿಳಾಸ ಕೇಳಿಕೊಂಡು ಹೋದರೆ ಅದು ಬಾಡಿಗೆ ಮನೆ, ಎರಡನೇ ಮಹಡಿ. ಹಿತ್ತಿಲಿಲ್ಲ, ಸಂಪು ಓನರದು. ಮೋಹನ್‌ಬಾಬು ಯಾವುದೋ ಮೀಟಿಂಗಿಗೆ ಹೋಗಿದ್ದ. ಬಾಗಿಲು ತೆಗೆದದ್ದು ಅವನ ತಾಯಿ ವೆಂಕಟರತ್ನಮ್ಮ. ಮುನಿಶಾಮಪ್ಪ ಗುದ್ದಲಿ ಹಿಡಿದೇ ಮುಯ್ಯಿಯ ಕತೆಯನ್ನೆಲ್ಲ ಹೇಳಿದ. ಆಕೆ ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು.

"ನೀನೇನಪ್ಪಾ ಅಂಗಿ ಬಿಚ್ಚಿಸಿದ್ದು? ಬಾ, ಕೂರ್ಚೋ ನಾಯನಾ," ಎಂದು ತೆಲುಗು ಬೆರೆಸಿ ಕೂರಲು ಕರೆದರು.

"ಕೂರಕ್ಕೆ ಬಂದಿಲ್ಲಮ್ಮ. ಏನಾದ್ರೂ ಕೆಲಸ ಹೇಳಿ."

"ಎರಡು ರೂಮಿನ ಮನೇಲಿ ಏನಪ್ಪ ಕೆಲ್ಸ? ಕೆಲ್ಸ ಅಂದ್ರೆ ಒಂದೈತೆ. ಹುರುಳಿ ಸಾರು ಮಾಡಿದ್ದೀನಿ, ಮಗ ಹೊರಗೇ ಊಟ ಮಾಡ್ತೀನಿ ಅಂದ. ಅದನ್ನ ಖಾಲಿ ಮಾಡ್ಬೇಕು."

ಬೇಡ ಎನ್ನಲು ಮುನಿಶಾಮಪ್ಪ ಬಾಯಿ ತೆರೆದ. ಅಷ್ಟರಲ್ಲಿ ಸಾರಿನ ಒಗ್ಗರಣೆ ಮೂಗಿಗೆ ಬಂತು.

ಸಂಜೆ ಮನೆಗೆ ಬಂದು ಗುದ್ದಲಿಯನ್ನು ಮೆಟ್ಟಿಲ ಕೆಳಗೆ, ಹಸುವಿನ ಪಕ್ಕಕ್ಕೆ ಒರಗಿಸಿದ. ಮೊಮ್ಮಗಳು ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದಳು.

"ತೀರ್‍ತಾ?" ಎಂದು ಕೇಳಿದಳು ಆಂಜಿನಮ್ಮ.

"ಎಲ್ಲಿ ತೀರೋದು," ಎಂದ ಮುನಿಶಾಮಪ್ಪ, ಸಿಟ್ಟಿನಿಂದ ಚಪ್ಪಲಿ ಬಿಸಾಡುತ್ತ. "ಆವಮ್ಮನ ಕೈಲಿ ಮೂರು ಮುದ್ದೆ ತಿಂದು ಬಂದೆ."